ಕಾಪಿ ಮಾಡಿದ್ದು ಅಷ್ಟೇ

ಕಣ್ಣು ಕಾಣದ ವಾರಿಜಾಳಿಗೆ ಅವಳ ಟ್ಯಾಬ್ ಎಲ್ಲವನ್ನೂ ಗಡಗಡನೆ ಓದಿ ಹೇಳುತ್ತಿತ್ತು. ಆ ವೇಗ ಗಂಡ ಸುಧೀಂದ್ರನ ತಲೆಗೆ ಹತ್ತುತ್ತಿರಲಿಲ್ಲ. ಬಗ್ಗಿ ನೋಡೋಣವೆಂದರೆ, ಚಾರ್ಜ್ ಉಳಿಯಲೆಂದು ಪರದೆಯನ್ನೇ ಆರಿಸಿಟ್ಟಿರುತ್ತಿದ್ದಳು. ಇವತ್ತು ಅವನಿಗೆ ತಿಳಿದದ್ದು 'ಕಾಪಿ', 'ಪೇಸ್ಟ್' ಎಂಬ ಎರಡೇ ಮಾತು.

"ನಿಮ್ಮಮ್ಮನಿಗೆ ನನ್ನ ಮೇಲೆ ಚಾಡಿ ಬರೀತಿದೀಯಾ?"

"ನಂದು ಒಂದಕ್ಷರಾನೂ ಇಲ್ಲ ರೀ. ಕಾಪಿ ಮಾಡಿ ಅಂಟಿಸಿದ್ದು ಅಷ್ಟೇ."

"ಹಾಗಿದ್ರೆ ನಿಧಾನಕ್ಕೆ ಓದಿಸು, ನಾನೂ ಕೇಳ್ತೀನಿ."

ವಾರಿಜಾ ವೇಗ ತಗ್ಗಿಸಿದಳು. ಟ್ಯಾಬ್ ಗಂಭೀರವಾಗಿ ಓದಿತು: "ಅಕ್ಕಾ, ಚೆನ್ನಾಗಿದೆ ಅಂತ ಒಂದ್ಸಲ ಸುಳ್ಳು ಹೇಳಿದ ತಪ್ಪಿಗೆ ವಾರವಿಡೀ ಹಾಗಲಕಾಯಿ ಗೊಜ್ಜು ತಿಂತಿದೀನಿ. ಇವಳಿಗೆ ಹೇಳ್ಬೇಡ."

ಸುಧೀಂದ್ರ ತಟ್ಟನೆ ತನ್ನ ಫೋನ್ ತೆಗೆದು ನೋಡಿದ.

"ಬೆಳಿಗ್ಗೆ ತಪ್ಪಿ ನನಗೆ ಕಳಿಸಿಬಿಟ್ಟಿದ್ರಿ. ನಿಮ್ಮಕ್ಕನಿಗೆ ತಲುಪಿಸಿದೀನಿ," ಎಂದಳು ವಾರಿಜಾ. "ಊಟಕ್ಕೆ ಏಳಿ, ಗೊಜ್ಜು ಇನ್ನೂ ಬಿಸಿಯಾಗಿದೆ."