ತುಂಡಾದ ಉಸಿರು

ಓರ್ತೆನ್ಸಿಯಾಳ ಕೆಳದುಟಿ ಅಂದೂ ಊದಿಕೊಂಡಿತ್ತು.

ಕಾಫಿಯನ್ನು ಮುಂದಿಟ್ಟ ಹೆಂಡತಿಯ ಮುಖವನ್ನು ಎವೇಲಿಯೊ ಸುಳುವೇತಾ ಕಣ್ಣು ಕಿರಿದುಮಾಡಿ ನೋಡಿದ. ತುಟಿಗೆ ಬಣ್ಣವಿಲ್ಲ. ಅರವತ್ತು ದಾಟಿದ ಮೇಲೂ ಬಣ್ಣ ಹಚ್ಚದೆ ಹೊಸ್ತಿಲು ದಾಟದಿದ್ದವಳು ಇವಳು.

“ತುಟಿಗೇನಾಯ್ತು?”

“ನಲವತ್ತು ವರ್ಷ ಬಾಯಿ ಮುಚ್ಕೊಂಡಿದ್ದೆ, ಮುದುಕಾ. ಈಗ ತೆರೆದ್ರೆ ಸ್ವಲ್ಪ ನೋಯುತ್ತೆ,” ಎಂದು ನಕ್ಕು, ಬೀಸಣಿಗೆ ಹಿಡಿದು ಅವಳು ಹೊರಟಳು.

ಮಾತಾನ್ಸಾಸ್ ಊರು ಕಿಟಕಿಗಳನ್ನು ಮುಚ್ಚಿ ಮಲಗುವ ನಡುಮಧ್ಯಾಹ್ನ. ಎವೇಲಿಯೊ ಟೋಪಿ ಧರಿಸಿ ಅವಳ ಹಿಂದೆ ನಡೆದ. ಬೀದಿಯ ನೆರಳಿನಲ್ಲಿ ಡೊಮಿನೊ ಆಡುತ್ತಿದ್ದವರ ಪೈಕಿ ಒಬ್ಬ ಕೂಗಿದ: “ಏನ್ ಮೇಷ್ಟ್ರೇ, ಈ ವಯಸ್ಸಲ್ಲಿ ಹೆಂಡ್ತಿಗೆ ಕಾವಲಾ?”

“ಸುಮ್ನಿರೋ,” ಎಂದ ಇನ್ನೊಬ್ಬ, ಕಾಯನ್ನು ಮೇಜಿಗೆ ಬಡಿಯುತ್ತ. “ಸಾರಿಗೆ ಹಳೇ ಕೋಳೀನೇ ರುಚಿ!”

ಓರ್ತೆನ್ಸಿಯಾ ಒಳಹೊಕ್ಕದ್ದು ಯೊಸ್ವಾನಿಯ ಮನೆಗೆ. ಬರುವ ಭಾನುವಾರ, ‘ಲಾ ಯುಮುರಿನಾ’ ವಾದ್ಯವೃಂದದಲ್ಲಿ ಎವೇಲಿಯೊನ ಕೊಳಲಿನ ಕುರ್ಚಿಗಾಗಿ ಪರೀಕ್ಷೆಗೆ ನಿಲ್ಲಲಿರುವ ತರುಣ ಆತ. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೊಳಲು ಕೇಳಿಸಿತು.

ಎವೇಲಿಯೊ ಗೋಡೆಗೆ ಒರಗಿದ. ಅದೇ ನುಡಿಕೆ. ಅವನ ಹೆಸರು ಹೊತ್ತು ದ್ವೀಪವನ್ನೆಲ್ಲ ಕುಣಿಸಿದ ಹಳೆಯ ರೆಕಾರ್ಡಿನದು. ಸ್ವರಗಳು ಮೆಟ್ಟಿಲು ಹತ್ತಿದಂತೆ ಏರುತ್ತವೆ. ತುದಿಯ ಸ್ವರಕ್ಕೆ ಮುನ್ನ ಉಸಿರು ಒಮ್ಮೆ ತುಂಡಾಗುತ್ತದೆ. ಮರುಗಳಿಗೆಯೇ ಮೇಲಕ್ಕೆ ಚಿಮ್ಮುತ್ತದೆ. ಆ ತುಂಡುಸಿರನ್ನು ಅನುಕರಿಸದ ಕೊಳಲುಗಾರ ಆ ದ್ವೀಪದಲ್ಲಿಲ್ಲ. ಯಾರಿಗೂ ಅದು ಒಲಿದಿರಲಿಲ್ಲ. ಈ ಮುಚ್ಚಿದ ಕಿಟಕಿಯ ಹಿಂದೆ ಒಲಿದಿತ್ತು.

ಅವನ ಹೊಟ್ಟೆಯಲ್ಲಿ ಹಳೆಯ ಕಿಚ್ಚು ಮತ್ತೆ ಹೊತ್ತಿಕೊಂಡಿತು. ಅಸೂಯೆಯ ನಡೆ ಎಂದಿಗೂ ಹೀಗೆಯೇ: ಕಳ್ಳನನ್ನು ಹುಡುಕುತ್ತ ಊರೆಲ್ಲ ತಿರುಗುತ್ತದೆ, ತನ್ನ ಜೇಬನ್ನು ಮಾತ್ರ ತಡವಿ ನೋಡುವುದಿಲ್ಲ.

ಹೊರಬಂದ ಓರ್ತೆನ್ಸಿಯಾ ಏದುಸಿರು ಬಿಡುತ್ತಿದ್ದಳು. ತುಟಿ ಕೆಂಪಗಿತ್ತು. ಯೊಸ್ವಾನಿ ಅವಳ ಕೆನ್ನೆಗೆ ಮುತ್ತಿಟ್ಟು ಬೀಳ್ಕೊಟ್ಟ.

ಮನೆಗೆ ಮರಳಿದ ಎವೇಲಿಯೊ ಕೊರಳ ದಾರದ ಬೀಗದ ಕೈಯಿಂದ ಕಪಾಟನ್ನು ತೆರೆದ. ಮದುವೆಯಲ್ಲಿ ಮಾವ ಕೊಟ್ಟ, ಐದು ಗುಂಡಿಯ ಮರದ ಕೊಳಲು ಇದ್ದಲ್ಲೇ ಇತ್ತು. ಮನೆಯವರು ಯಾರೂ ಅದನ್ನು ಮುಟ್ಟಕೂಡದೆಂದು ಅವನು ಕಟ್ಟಪ್ಪಣೆ ಮಾಡಿ ಎಷ್ಟೋ ಕಾಲವಾಗಿತ್ತು. ಪಕ್ಕದಲ್ಲಿ ಆ ರೆಕಾರ್ಡು. ಅದರ ಹೊದಿಕೆಯ ಮೇಲೆ, ಧ್ವನಿಮುದ್ರಣ ಮುಗಿದ ದಿನದ ಚಿತ್ರ: ಹಲ್ಲು ಕೀಳಿಸಿಕೊಂಡವನಂತೆ ದವಡೆಗೆ ಕರವಸ್ತ್ರ ಒತ್ತಿಕೊಂಡು ನಿಂತ ಅವನು, ಬದಿಯಲ್ಲಿ ಸಡಿಲ ನಿಲುವಂಗಿಯ ಓರ್ತೆನ್ಸಿಯಾ, ಗಂಡನ ಸಾಮಾನು ಹೊತ್ತವಳಂತೆ ಕೊಳಲು ಹಿಡಿದುಕೊಂಡು. ಆ ರೆಕಾರ್ಡೂ ಮಗಳು ಮಿಲಾಗ್ರೊಸಳೂ ಒಂದೇ ವರ್ಷ ಹುಟ್ಟಿದವರು; ಅವಳಿಗಳೆಂದು ನೆರೆಯವರು ಇಂದಿಗೂ ತಮಾಷೆ ಮಾಡುತ್ತಿದ್ದರು.

ಉಸಿರು ಅಲ್ಲೇಕೆ ತುಂಡಾಯಿತು? ಕೇಳದವರಿಲ್ಲ. ಧ್ವನಿಮುದ್ರಣದ ಕೋಣೆಯ ಗಾಜಿನಾಚೆ ಚೆಲುವೆಯೊಬ್ಬಳು ಹಾದುಹೋದಳೆಂದು ಎವೇಲಿಯೊ ಒಬ್ಬರಿಗೆ ಹೇಳಿದ್ದ. ಹಳೆಯ ಮರದ ಗುಣವೆಂದು ರೇಡಿಯೊದವರಿಗೆ ಹೇಳಿದ್ದ. ಶಿಷ್ಯರಿಗೋ, ಆ ಗುಟ್ಟು ನನ್ನೊಡನೆ ಮಣ್ಣಿಗೆ ಹೋಗುತ್ತದೆ ಎಂದಿದ್ದ.

ಭಾನುವಾರ ಸಂಜೆ ನಾಟ್ಯಶಾಲೆ ತುಂಬಿತು. ಲಾ ಯುಮುರಿನಾದಲ್ಲಿ ಕುರ್ಚಿಯನ್ನು ಕೊಡುವುದು ಯಜಮಾನನಲ್ಲ, ಕುಣಿಯುವವರ ಕಾಲುಗಳು. ಹೊಸಬ ತೆರೆಯ ಹಿಂದೆ ನಿಂತು ಆ ಹಳೆಯ ನುಡಿಕೆಯನ್ನು ನುಡಿಸಬೇಕು. ಕೊನೆಯವರೆಗೆ ಒಂದು ಜೋಡಿಯೂ ಕುಣಿತದ ಅಂಕಣ ಬಿಡದಿದ್ದರೆ, ಹಳಬ ತನ್ನ ಕೊಳಲನ್ನು ತನ್ನ ಕೈಯಾರೆ ಒಪ್ಪಿಸಬೇಕು.

ಪಿಟೀಲುಗಳು ಮೊದಲಿಟ್ಟವು. ಪದ್ಧತಿಯಂತೆ ಜೋಡಿಗಳು ಆ ಪೀಠಿಕೆಗೆ ಕುಣಿಯದೆ ನಿಂತವು. ಹೆಂಗಸರು ಬೀಸಣಿಗೆ ಬೀಸಿಕೊಂಡರು. ಓರ್ತೆನ್ಸಿಯಾಳ ಬೀಸಣಿಗೆ ಬಾಯನ್ನು ಬಿಟ್ಟು ಕದಲಲಿಲ್ಲ. ಆಮೇಲೆ ತೆರೆಯ ಹಿಂದಿನಿಂದ ಕೊಳಲು ಎದ್ದಿತು. ಏರಿತು. ಉಸಿರು ತುಂಡಾಯಿತು. ಚಿಮ್ಮಿತು. ಯಾರೂ ಅಂಕಣ ಬಿಡಲಿಲ್ಲ. ಮಿಲಾಗ್ರೊಸ್ ಕಣ್ಣೊರಸಿಕೊಳ್ಳುತ್ತಲೇ ಹೆಜ್ಜೆ ಹಾಕುತ್ತಿದ್ದಳು.

ಯಜಮಾನ ಸೆವೆರೀನೊ ತೆರೆ ಸರಿಸಿದ. “ಮೇಷ್ಟ್ರೇ, ಕೊಳಲು ಕೊಡಿ.”

“ಕೊಡಲ್ಲ!” ಎವೇಲಿಯೊ ಎದ್ದು ನಿಂತ. “ಇವನು ಕಳ್ಳ. ನನ್ನ ಹೆಂಡ್ತೀನ ಕರೆಸ್ಕೊಂಡು, ಹಾಡಹಗಲೇ ಬಾಗ್ಲು ಹಾಕ್ಕೊಂಡು, ನನ್ನ ಮನೇಗೇ ಕನ್ನ ಹಾಕಿದಾನೆ!”

ಯೊಸ್ವಾನಿಯ ಮುಖ ಕಂದಿತು. “ಮೇಷ್ಟ್ರೇ, ನಾನು ಕದ್ದಿಲ್ಲ. ಅಮ್ಮಾವ್ರು ಕೊಟ್ಟಿದ್ದನ್ನ ತಗೊಂಡೆ, ಅಷ್ಟೇ.”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಾಲ್ವರು ಕೂಡಿದ ಕಡೆ ಹೆಣ್ಣಿನ ಮಾನ ಅಗ್ಗವಾಗುವುದಕ್ಕೆ ಎಷ್ಟು ಹೊತ್ತು ಬೇಕು!

ಸೆವೆರೀನೊ ಕೈಯೆತ್ತಿ ಸಭೆಯನ್ನು ಸುಮ್ಮನಾಗಿಸಿದ. “ಜಗಳ ಯಾಕೆ? ರೆಕಾರ್ಡಲ್ಲಿ ಉಸಿರು ಅಲ್ಲಿ ಯಾಕೆ ತುಂಡಾಯ್ತು ಅಂತ ನುಡಿಸಿದೋರಿಗೆ ಗೊತ್ತಿರುತ್ತೆ. ಇವತ್ತಾದ್ರೂ ನಿಜ ಹೇಳಿ, ಮೇಷ್ಟ್ರೇ. ಹೇಳಿದ್ರೆ ಕುರ್ಚಿ ಈಗ್ಲೂ ನಿಮ್ದೇ.”

ಎವೇಲಿಯೊ ಬಾಯಿ ತೆರೆದ. ಚೆಲುವೆ ಬರಲಿಲ್ಲ, ಮರವೂ ಬರಲಿಲ್ಲ. ಒಪ್ಪಿಸಬೇಕಾದ ಪಾಠ ಮರೆತ ಹುಡುಗನಂತೆ ಅವನ ಕಣ್ಣು ತಾನಾಗಿ ಹೆಂಡತಿಯತ್ತ ಹೊರಳಿತು.

ಓರ್ತೆನ್ಸಿಯಾ ಬೀಸಣಿಗೆಯನ್ನು ಮಡಿಸಿದಳು. ಅವಳು ನೋಡಿದ್ದು ಗಂಡನನ್ನಲ್ಲ, ಮಗಳನ್ನು.

“ಅಲ್ಲಿ ನೀನು ಹೊಟ್ಟೇಲಿ ಒದ್ದೆ ಕಣೇ, ಮಿಲಾಗ್ರೊಸ್. ನಂಗಾಗ ಏಳು ತಿಂಗಳು.”