ಅಜ್ಜಿ ಆರಿಸಿದ ಮಡಿಲಕ್ಕಿ

ಮಧ್ಯಾಹ್ನ ಮೂರೂಕಾಲಿಗೆ ಮಾವ ಮಿಡಿಗೇಶಿಯ ನಮ್ಮ ಮನೆಗೆ ಬಂದರು. ಅವರ ಹೊಡೆತ ತಾಳಲಾರದೆ ತವರು ಸೇರಿದ್ದ ಅತ್ತೆ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಟೀವಿಯಲ್ಲಿ ಹಳೆಯ ಇಂಗ್ಲಿಷ್ ಹಾಡು-ಕುಣಿತದ ಸಿನಿಮಾ ನೋಡುತ್ತಿದ್ದಳು. ಅವಳ ಕಾಲ್ಬೆರಳುಗಳೂ ತಾಳ ಹಾಕುತ್ತಿದ್ದವು. ಊರೂರಲ್ಲಿ ಕುಣಿದು ಹೆಸರು ಮಾಡಿದ್ದ ನಾಯಕಿ, ನಾಯಕ ಕೈಚಾಚಿದೊಡನೆ ಎಲ್ಲವನ್ನೂ ಬಿಟ್ಟು ಹೊರಟಳು.

“ಕರೆದ ತಕ್ಷಣ ಹೊಂಟೇಬುಟ್ಲಲ್ಲೇ!” ಎಂದಳು ಅತ್ತೆ.

“ನೀನೂ ಏಳೇ,” ಎಂದು ಮಾವ ಅವಳ ಕೈ ಹಿಡಿದೆಳೆದರು. ಬಳೆ ಒಡೆದವು.

ಅಜ್ಜಿ ಮೊರ ತಂದು ಬಾಗಿಲಿಗೆ ಅಡ್ಡ ಕೂತಳು. “ಮಡ್ಲಕ್ಕಿ ತುಂಬ್ದೆ ಮಗಳನ್ನ ಕಳ್ಸಕ್ಕಾಯ್ತದಾ ಅಳಿಯಂದ್ರೆ? ಅಕ್ಕಿ ಆರಿಸ್ತೀನಿ, ಕೂತ್ಕಳಿ.”

ಆರಿಸಿದಳು, ಕೇರಿದಳು, ಮತ್ತೆ ಆರಿಸಿದಳು.

“ಇನ್ನೂ ಎಷ್ಟೊತ್ತು?”

“ಕಲ್ಲಿರೋ ಅಕ್ಕಿ ಮಡ್ಲಿಗೆ ಹಾಕ್ಬಾರ್ದು ಕಣಪ್ಪ.”

ಅವರೂರಿಗೆ ಹೋಗುವ ಆ ದಿನದ ಕೊನೆಯ ಬಸ್ಸು ಹಾರನ್ ಹೊಡೆದಾಗ ಮಾವ ಒಬ್ಬರೇ ಓಡಿದರು. ಮೊರದೊಳಗೆ ಇಣುಕಿದೆ. ಒಂದು ಕಲ್ಲೂ ಇರಲಿಲ್ಲ.

ಅಕ್ಕಿಯ ಧೂಳಿನ ವಾಸನೆ ಬಂದರೆ ಈಗಲೂ ನನ್ನ ಕಣ್ಣು ಬಾಗಿಲ ಕಡೆಗೇ ಹೋಗುತ್ತದೆ.

ಆಮೇಲೆ ಎಷ್ಟೋ ರಾತ್ರಿ ಅತ್ತೆ ಬೆಚ್ಚಿ ಏಳುತ್ತಿದ್ದಳು, ಜೊತೆಗೆ ನಾನೂ. ಮಧುಗಿರಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ಕುಣಿತ ಕಲಿಸಿ ಬಂದ ಮೊದಲ ದಿನ, “ಕಾಲು ಬಿದ್ದೋದ್ವು ಕಣೇ,” ಎಂದು ನಗುತ್ತಾ ಮಲಗಿದವಳು ಬೆಳಗಿನವರೆಗೂ ಬೆಚ್ಚಿ ಏಳಲಿಲ್ಲ. ನಾನೂ ಏಳಲಿಲ್ಲ.