ಮಿರ್ಚಿ ತಿಂದ ಕೈ

ಧ್ಯಾನದ ಕ್ಲಾಸಿನಲ್ಲಿ ಹೇಳಿಕೊಟ್ಟಂತೆ ಉಜ್ಜಿದ ಅಂಗೈಗಳನ್ನು ಕಣ್ಣಿಗೆ ಒತ್ತಿಕೊಂಡದ್ದೇ ತಡ, ನಾಗಭೂಷಣನ ಕಣ್ಣು ಧಗಧಗ ಉರಿಯತೊಡಗಿತು. ಹರಿಹರ ಬಸ್‌ಸ್ಟ್ಯಾಂಡಿನಲ್ಲಿ ಇಳಿದವನು ಬಿಸಿ ಮಿರ್ಚಿ ಬಜ್ಜಿ ಮುರಿದು ಮಂಡಕ್ಕಿ ಜೊತೆ ತಿಂದು, ಕೈಯನ್ನು ಪೇಪರಿಗೆ ಒರೆಸಿಕೊಂಡು ಸೀದಾ ಇಲ್ಲಿಗೆ ಬಂದಿದ್ದ. ಕಣ್ಣು ಮುಚ್ಚಿದರೆ ಸಾಕು, ದಾವಣಗೆರೆಯ ತನ್ನ ಹಾರ್ಡ್‌ವೇರ್ ಅಂಗಡಿಯೇ ತಲೆಯೊಳಗೆ ಶಟರ್ ಎತ್ತುತ್ತಿತ್ತು. ನಿದ್ದೆ ಕೆಟ್ಟು ವರ್ಷವಾಗಿತ್ತು. ಹಿಂದಿನ ಗುರುಗಳಿಬ್ಬರು ಈರುಳ್ಳಿ ಬಿಡಿ, ಮಿರ್ಚಿ ಬಿಡಿ ಎಂದಾಗ ಅವನು ಗುರುಗಳನ್ನೇ ಬಿಟ್ಟಿದ್ದ. ಇಲ್ಲೂ ಅದೇ ಕಥೆ ಇರಬೇಕೆಂದು, ಬಾಗಿಲ ಬಳಿ ಚಪ್ಪಲಿಗೆ ಕೈಯೆಟಕುವಲ್ಲೇ ಚಾಪೆ ಹಾಸಿದ್ದ.

ಕಲಿಸುತ್ತಿದ್ದ ಸುಷ್ಮಾ ಮೇಡಂ ಓಡಿಬಂದು ಕಣ್ಣಿಗೆ ನೀರು ಚಿಮುಕಿಸಿ, ಒದ್ದೆ ಬಟ್ಟೆ ಇಟ್ಟರು. “ಒದ್ದಾಡಬ್ಯಾಡ್ರಿ ಅಣ್ಣಾರೆ. ಉರಿ ಎಲ್ಲೈತೆ, ಹೆಂಗೆ ಇಳೀತೈತೆ, ಅಷ್ಟು ನೋಡ್ರಿ ಸಾಕು.”

ಬೇರೆ ದಾರಿಯಿಲ್ಲದೆ ನೋಡಿದ. ಉರಿ ರೆಪ್ಪೆಯಂಚಿಗೆ ಸರಿಯಿತು, ಮೂಲೆಯಲ್ಲಿ ಚುರುಗುಟ್ಟಿತು, ಮೆಲ್ಲಗೆ ಆರಿತು. ಅಷ್ಟೂ ಹೊತ್ತು ಅಂಗಡಿಯ ನೆನಪೇ ಬಂದಿರಲಿಲ್ಲ ಎಂದು ಹೊಳೆದಾಗ ಅವನು ಒದ್ದೆ ಬಟ್ಟೆ ತೆಗೆದು ಖುಷಿಯಿಂದ ನಕ್ಕ. ಇಷ್ಟು ಸಿಕ್ಕ ಮೇಲೆ ಮಿರ್ಚಿ ಬಿಡುವುದೂ ದೊಡ್ಡದೆನಿಸಲಿಲ್ಲ.

“ಮೇಡಂ, ಮಿರ್ಚಿ ತಿಂದು ಬಂದೀನ್ರಿ. ಮಂಡಕ್ಕಿಗೆ ಈರುಳ್ಳಿನೂ ಹಾಕಿದ್ರು. ನಾಳೆಯಿಂದ ಎಲ್ಲಾ ಬಿಡಬೇಕೇನ್ರಿ?”

“ಅದನ್ನ ಯಾಕ ಬಿಡ್ತೀರಿ? ಸೋಪು ಹಚ್ಚಿ ಕೈ ತೊಳ್ಕಂಡು ಬರ್ರಿ.”

ನಾಗಭೂಷಣ ಮೊಣಕೈವರೆಗೂ ಸೋಪು ಹಚ್ಚಿ ತೊಳೆದ. ಬಂದವನೇ ಬಾಗಿಲ ಬಳಿಯ ಚಾಪೆಯನ್ನು ಎಳೆದುಕೊಂಡು ಹೋಗಿ, ಮೇಡಂ ಎದುರಿಗೇ ಹಾಸಿಕೊಂಡು ಕೂತ.